ಬುಲ್ಬುಕ್ ತಾತನ ಆರನೇ ತಿಂಗಳು

ಆ ಸಂಜೆ ಸ್ತಾಮೆನ್ ಒಂದೇ ಒಂದು ಕಾಗದದ ಮೇಲೆ ಕಣ್ಣು ಹಾಯಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅಚ್ಚಿನಂಗಡಿಯ ಯುಲಿಯಾನ್ ಎರಡು ಮಾದರಿ ಹಾಳೆಗಳನ್ನು ಮೇಜಿನ ಮೇಲೆ ಹರಡಿ, "ಒಂದ್ಸಲ ನೋಡ್ಬಿಡಣ್ಣಾ, ಆಮೇಲೆ ನನ್ನನ್ನ ಅನ್ಬೇಡ" ಎಂದ. ಸ್ತಾಮೆನ್ ಗೋಡೆಯ ಗಡಿಯಾರ ನೋಡಿದ, ಕಿಟಕಿಯಾಚೆ ಮಲಗಿದ್ದ ನಾಯಿಯನ್ನು ನೋಡಿದ, ತನ್ನ ಬೂಟಿನ ತುದಿಯನ್ನು ನೋಡಿದ. "ನೋಡ್ದೆ. ಚೆನ್ನಾಗಿದೆ, ಹಾಕು" ಎಂದು ಹೇಳಿ ಎದ್ದುಬಂದ.

ಆ ಹಾಳೆಗಳಲ್ಲಿ ಒಂದು, ತೀರಿಕೊಂಡ ಹೆಂಡತಿ ರೋಸಿತ್ಸಾಳ ಶೋಕಪತ್ರ. ಅವಳು ಹೋಗಿ ಆರು ತಿಂಗಳಾದರೂ ಅವಳ ಪಟದ ಕಡೆ ನೇರವಾಗಿ ನೋಡುವ ಧೈರ್ಯ ಅವನಿಗೆ ಬಂದಿರಲಿಲ್ಲ. ಮನೆಯಲ್ಲಿದ್ದ ಪಟಗಳೆಲ್ಲ ಗೋಡೆಗೆ ಮುಖ ಮಾಡಿ, ತಪ್ಪು ಮಾಡಿದ ಶಾಲೆಯ ಮಕ್ಕಳಂತೆ ನಿಂತಿದ್ದವು. ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ. ಕಣ್ಣೀರು ಎಲ್ಲೋ ಒಳಗೆ, ಬಾವಿಗೆ ಬಿದ್ದ ಕೊಡದಂತೆ, ಎಳೆದಷ್ಟೂ ಮೇಲೆ ಬರದೆ ಸಿಕ್ಕಿಕೊಂಡಿತ್ತು.

ಡ್ಯಾನ್ಯೂಬ್ ದಂಡೆಯ ನಮ್ಮ ರಾಕಿತಾದಲ್ಲಿ ಸತ್ತವರನ್ನು ಒಂದೇ ಸಲಕ್ಕೆ ಕಳಿಸಿಕೊಡುವುದಿಲ್ಲ. ಹೋದ ದಿನ ಒಂದು ಶೋಕಪತ್ರ, ನಲವತ್ತನೇ ದಿನಕ್ಕೆ ಒಂದು, ಆರು ತಿಂಗಳಿಗೆ ಒಂದು, ವರ್ಷಕ್ಕೆ ಒಂದು. ಕಪ್ಪು ಅಂಚು, ಮೇಲೊಂದು ಶಿಲುಬೆ, ನಡುವೆ ಪಟ. ಮನೆಯ ಗೇಟಿಗೆ, ಬಸ್ ನಿಲ್ದಾಣಕ್ಕೆ, ಬೇಕರಿ ಗೋಡೆಗೆ, ಕರೆಂಟ್ ಕಂಬಕ್ಕೆ ಅಂಟಿಸುತ್ತೇವೆ. ಊರೊಳಗೆ ಓಡಾಡುವವರಿಗಿಂತ ಗೋಡೆಯ ಮೇಲೆ ಇರುವವರೇ ಈಗ ಹೆಚ್ಚು. ರಾಕಿತಾದ ಜನ ಪತ್ರಿಕೆ ಓದದೆ ಇದ್ದಾರು, ಕಂಬ ಓದದೆ ಮುಂದೆ ಹೋಗುವುದಿಲ್ಲ.

ಇನ್ನೊಂದು ಹಾಳೆ ಸಿನಿಮಾದ್ದು. ಊರಿನ ಹಳೇ ಟಾಕೀಸಿನಲ್ಲಿ ಸ್ತಾಮೆನ್ ಮಹಡಿಯ ಕೋಣೆಯಲ್ಲಿ ಕೂತು ಚಿತ್ರ ಓಡಿಸುತ್ತಿದ್ದ. ರೋಸಿತ್ಸಾ ಕೆಳಗೆ ಟಿಕೆಟ್ ಕೊಡುತ್ತಿದ್ದಳು. ಮದುವೆಯಾದಾಗಿನಿಂದ ಹಾಗೆಯೇ. ಮನೆ ಎನ್ನುವುದು ಅವರಿಗೆ ಮಲಗಲು ಇದ್ದ ಜಾಗ, ಬಾಳಿದ್ದೆಲ್ಲ ಟಾಕೀಸಿನಲ್ಲಿ. ಅವಳು ಹೋದಮೇಲೂ ಅವನಿಗೆ ನಿದ್ದೆ ಹತ್ತುತ್ತಿದ್ದುದು ಆ ಟಾಕೀಸಿನ ಹಿಂದಿನ ಸಾಲಿನಲ್ಲಿ ಮಾತ್ರ. ಈಗ ಮೇಯರ್ ಬೊರಿಮೀರ್ ಒಂದು ಗಡುವು ಹಾಕಿದ್ದ. "ನೋಡು ಸ್ತಾಮೆನ್, ಖಾಲಿ ಕುರ್ಚಿಗಳಿಗೆ ಕರೆಂಟ್ ಸುಡೋಕೆ ನನ್ನ ಕೈಲಾಗಲ್ಲ. ಈ ಶನಿವಾರ ಹಾಲ್ ತುಂಬಿಸು, ಉಳಿಸ್ತೀನಿ. ಇಲ್ಲಾಂದ್ರೆ ಟೈರ್ ಗೋಡೌನಿಗೆ ಕೊಡ್ತೀನಿ."

ಸ್ತಾಮೆನ್ ಮಕ್ಕಳ ಚಿತ್ರವೊಂದನ್ನು ತರಿಸಿದ. ಮೊಬೈಲಿನಲ್ಲಿ ಊರಿನ ಮಕ್ಕಳೆಲ್ಲ ಆಡುವ ಒಂದು ಆಟವಿದೆ: ತಲೆಗೆ ತಗಡಿನ ಪಾತ್ರೆ ಹಾಕಿಕೊಂಡ ಮುದಿ ನೀರುನಾಯಿ, ಬುಲ್ಬುಕ್ ತಾತ, ಬಂಡೆಯಿಂದ ಬಂಡೆಗೆ ನೆಗೆಯುತ್ತಾನೆ. ಕಾಲು ಜಾರಿದರೆ ಬುಳುಕ್ ಎಂದು ಮುಳುಗಿ ಸಾಯುತ್ತಾನೆ, ಬಾಲ ಮಾತ್ರ ಮೇಲೆ ನಿಂತಿರುತ್ತದೆ. ಗುಂಡಿ ಒತ್ತಿದರೆ ಮತ್ತೆ ಎದ್ದು, ಪಾತ್ರೆಯೊಳಗಿನ ನೀರು ಚೆಲ್ಲಿ, ಓಡುತ್ತಾನೆ. ಆ ಆಟವನ್ನೇ ಸಿನಿಮಾ ಮಾಡಿದ್ದರು. ಹೆಂಡತಿಯ ಆರನೇ ತಿಂಗಳ ಪ್ರಾರ್ಥನೆಯೂ ಅದೇ ಶನಿವಾರ ಬಿತ್ತು. ನಮ್ಮ ಚರ್ಚಿನಲ್ಲಿ ಸತ್ತವರ ದಿನ ಶನಿವಾರವೇ ಅಲ್ಲವೇ. ಬೆಳಿಗ್ಗೆ ಸ್ಮಶಾನ, ಸಂಜೆ ಸಿನಿಮಾ ಎಂದು ಸ್ತಾಮೆನ್ ಲೆಕ್ಕ ಹಾಕಿದ್ದ.

ಶನಿವಾರ ಬೆಳಿಗ್ಗೆ ಸತ್ತವರ ಹೆಸರಲ್ಲಿ ಹಂಚಲು ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿಯ ಪಾತ್ರೆ ಹಿಡಿದು ಅವನು ಬಾಗಿಲು ತೆರೆದರೆ, ಗೇಟಿನ ಮುಂದೆ ಪಕ್ಕದ ಮನೆಯ ಗಿಂಕಜ್ಜಿ ಅಂಟಿನ ಬಕೆಟ್ ಹಿಡಿದು ನಿಂತಿದ್ದಳು. ಊರಿನ ಶೋಕಪತ್ರಗಳನ್ನೂ ಸಿನಿಮಾ ಪೋಸ್ಟರುಗಳನ್ನೂ ಅಚ್ಚಿನಂಗಡಿಯಿಂದ ತಂದು ಅಂಟಿಸುವವಳು ಅವಳೇ. ಯಾರೂ ಹೇಳಿಲ್ಲ, ಯಾರೂ ಬೇಡವೆಂದೂ ಇಲ್ಲ. ಅಂಟು ಸಿಡಿಯುತ್ತದೆಂದು ಕೆಲಸ ಮುಗಿಯುವ ತನಕ ಕನ್ನಡಕ ಹಾಕುವುದಿಲ್ಲ. ಈಗ ಕೆಲಸ ಮುಗಿದಿತ್ತು, ಕನ್ನಡಕ ಮೂಗಿನ ಮೇಲಿತ್ತು.

"ಸ್ತಾಮೆನ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದಳು. "ರೋಸಿತ್ಸಾಗೆ ಕೊನೇಲಿ ಮೀಸೆ ಬಂದಿತ್ತಾ?"

"ಏನಜ್ಜೀ ಇದು, ದೇವರ ದಿನ ಬೆಳಿಗ್ಗೆ ಬೆಳಿಗ್ಗೆ!"

"ನೀನೇ ನೋಡು."

ನೋಡಲೇಬೇಕಾಯಿತು. ಕಪ್ಪು ಅಂಚು, ಶಿಲುಬೆ. ಕೆಳಗೆ: ‘ಪ್ರೀತಿಯ ರೋಸಿತ್ಸಾ ಇಲ್ಲದ ಆರು ತಿಂಗಳು. ನೀನಿಲ್ಲದೆ ಮನೆ ಮೂಕವಾಗಿದೆ. ದುಃಖದಲ್ಲಿ, ಪತಿ ಸ್ತಾಮೆನ್.’ ನಡುವೆ ತಲೆಯ ಮೇಲೆ ಪಾತ್ರೆ ಹೊತ್ತು, ಮೀಸೆ ಇಳಿಬಿಟ್ಟು, ಕಣ್ಣಲ್ಲಿ ಹನಿ ತುಂಬಿಕೊಂಡು ಬುಲ್ಬುಕ್ ತಾತ.

"ಇದು ಇಲ್ಲಿದ್ರೆ..." ಎಂದು ಅವನು ಶುರುಮಾಡಿದ. "ಹಾಗಾದ್ರೆ ಅವಳ ಪಟ ಎಲ್ಲಿ?"

"ಬೇಕರಿ ಮುಂದೆ ಜನ ಸೇರಿದ್ದಾರೆ, ಅದಕ್ಕೇ ನಾನು ಓಡಿ ಬಂದೆ" ಎಂದಳು ಗಿಂಕಜ್ಜಿ.

ಬೇಕರಿ ಗೋಡೆಯ ಮೇಲೆ, ಬಲೂನು ನಕ್ಷತ್ರಗಳ ನಡುವೆ, ರೋಸಿತ್ಸಾ ಬಾಯಿ ತುಂಬ ನಗುತ್ತಿದ್ದಳು. ಸೂರ್ಯಕಾಂತಿ ಬೀಜ ತಿನ್ನುತ್ತಾ ಯಾವುದೋ ಹಬ್ಬದಲ್ಲಿ ತೆಗೆಸಿಕೊಂಡ ಪಟ. ಮೇಲೆ ಕೆಂಪು ಅಕ್ಷರ: ‘ಎಷ್ಟು ಸಲ ಸತ್ತರೂ ಮತ್ತೆ ಎದ್ದು ಬರುವ ನಿಮ್ಮ ಮೆಚ್ಚಿನವರು! ಇಂದು ಸಂಜೆ ಐದಕ್ಕೆ! ನಕ್ಕು ಹೊಟ್ಟೆ ಹುಣ್ಣಾದರೆ ನಾವು ಹೊಣೆಯಲ್ಲ!’

ಬ್ರೆಡ್ಡಿಗೆ ಬಂದವರು ಬ್ರೆಡ್ಡು ಮರೆತು ನಿಂತಿದ್ದರು. "ಐದಕ್ಕೆ ಬರ್ತಾಳಂತೆ" ಎಂದು ಒಬ್ಬಳು ಶಿಲುಬೆ ಗುರುತು ಹಾಕಿಕೊಂಡಳು. "ಪಾಪ, ತಲೆ ಕೆಟ್ಟಿದೆ. ಒಂಟಿಯಾಗಿಬಿಟ್ನಲ್ಲ" ಎಂದು ಇನ್ನೊಬ್ಬ. "ತಲೆ ಯಾಕೆ ಕೆಡುತ್ತೆ? ಅವಳ ಹಳೇ ವೀಡಿಯೋ ಏನೋ ಇರ್ಬೇಕು, ಎಲ್ರಿಗೂ ತೋರಿಸ್ತಾನೆ" ಎಂದು ಮೂರನೆಯವನು. ಸ್ತಾಮೆನ್ ಗುಂಪನ್ನು ಸೀಳಿಕೊಂಡು ಹೋಗಿ ಪೋಸ್ಟರಿನ ಮೂಲೆಗೆ ಕೈ ಹಾಕಿದ. ಹಾಕಿದವನು ಹಾಗೆಯೇ ನಿಂತ. ಹರಿದರೆ ಅವಳ ಕೆನ್ನೆಯೇ ಮೊದಲು ಹರಿಯುತ್ತಿತ್ತು. ಆರು ತಿಂಗಳ ನಂತರ ಅವಳ ಮುಖವನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕೈ ತಾನಾಗಿಯೇ ಕೆಳಗಿಳಿಯಿತು.

ಹೋಗಲಿ, ನೀರುನಾಯಿಯನ್ನಾದರೂ ಕಿತ್ತು ಹಾಕೋಣವೆಂದು ಪಕ್ಕದ ಕಂಬಕ್ಕೆ ಹೋದರೆ, ಬಸ್ಸಿಗೆ ಕಾದು ಕೂತಿದ್ದ ಮುದುಕರಿಬ್ಬರು ಒಟ್ಟಿಗೆ ಎದ್ದು ನಿಂತರು.

"ಏಯ್ ಏಯ್! ಸತ್ತವರ ಕಾಗದ ಕೈಲಿ ಕೀಳ್ತಾರೇನೋ? ಮಳೆ ಕೀಳ್ಬೇಕು, ಗಾಳಿ ಕೀಳ್ಬೇಕು!"

"ಇದು ಸತ್ತವರದ್ದಲ್ಲ ಮಾವ, ನೀರುನಾಯಿ!"

"ಪಟ ಯಾರದ್ದಾದ್ರೇನು? ಕೆಳಗೆ ಹೆಸರು ಯಾರದ್ದು?"

ಹೆಸರು ರೋಸಿತ್ಸಾಳದ್ದೇ. ಹೀಗೆ ಮುಖವಿರುವ ಕಾಗದವನ್ನು ಮನಸ್ಸು ಹರಿಯಗೊಡಲಿಲ್ಲ, ಹೆಸರಿರುವ ಕಾಗದವನ್ನು ಊರು ಹರಿಯಗೊಡಲಿಲ್ಲ. ಅತ್ತ ದರಿ ಇತ್ತ ಪುಲಿ ಎಂದಾಯಿತು. ಸ್ತಾಮೆನ್ ಗೋಧಿ ಪಾತ್ರೆ ಹಿಡಿದು ಅಚ್ಚಿನಂಗಡಿಗೆ ಓಡಿದ.

ಯುಲಿಯಾನ್ ಬಾಯಿತುಂಬ ಚೀಸ್ ತುಂಬಿದ ಬನಿತ್ಸಾ ತಿನ್ನುತ್ತಿದ್ದ. ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡ. "ಅಣ್ಣಾ, ನೀನು ನಂಗೆ ಎರಡು ಪಟ ಕೊಟ್ಟೆ. ಒಂದು ಅಳ್ತಿತ್ತು, ಒಂದು ನಗ್ತಿತ್ತು. ಅಳೋದನ್ನ ಶೋಕಪತ್ರಕ್ಕೆ ಹಾಕ್ದೆ, ನಗೋದನ್ನ ನಗೋ ಸಿನಿಮಾಗೆ ಹಾಕ್ದೆ. ಇದ್ರಲ್ಲಿ ತಪ್ಪೇನು?"

"ರೋಸಿತ್ಸಾ ನಿಂಗೆ ಗೊತ್ತಿಲ್ವೇನೋ? ದಿನಾ ನೋಡ್ದವನು!"

"ಗೊತ್ತಿತ್ತು. ಟಾಕೀಸು ಅಂದ್ರೆ ಅವಳೇ ತಾನೇ, ಅವಳ ಮುಖ ಹಾಕಿ ಜನ ಕರೀತಿದ್ದೀಯ ಅಂದ್ಕೊಂಡೆ. ಒಳ್ಳೇ ಉಪಾಯ ಅಂತ ನನ್ನ ಹೆಂಡತಿಗೂ ಹೇಳ್ದೆ."

"ಶೋಕಪತ್ರಕ್ಕೆ ನೀರುನಾಯಿ?"

"ಈಗೀಗ ಜನ ಏನೇನೋ ಹಾಕಿಸ್ತಾರಣ್ಣಾ. ಹೋದ ವಾರ ಒಬ್ರು ಅಪ್ಪನ ಬದಲು ಅವನ ಟ್ರ್ಯಾಕ್ಟರ್ ಹಾಕಿಸಿದ್ರು. ದುಃಖದಲ್ಲಿರೋರನ್ನ ನಾನು ಪ್ರಶ್ನೆ ಕೇಳಲ್ಲ" ಎಂದು ಯುಲಿಯಾನ್ ತುಟಿ ಒರೆಸಿಕೊಂಡ. "ನಾನು ನೋಡು ಅಂದೆ. ನೀನು ನೋಡ್ದೆ ಅಂದೆ."

ಮತ್ತೆ ಅಚ್ಚು ಹಾಕಲು ಅಂಗಡಿಯಲ್ಲಿ ಹಾಳೆ ಇರಲಿಲ್ಲ. ಆ ವಾರ ಸತ್ತವರು ಎಲ್ಲವನ್ನೂ ಮುಗಿಸಿದ್ದರು.

ಸ್ಮಶಾನ ತಲುಪುವ ಹೊತ್ತಿಗೆ ಪಾದ್ರಿ ಎವ್ಲೋಗಿ ಧೂಪ ಹಚ್ಚಿ ಕಾಯುತ್ತಿದ್ದರು. ಗಿಂಕಜ್ಜಿ ಮುಂಚೆಯೇ ಬಂದಿದ್ದಳು. ಶಿಶುವಿಹಾರದ ಟೀಚರ್ ಲಿಲ್ಯಾನಾ ಕೂಡ ನಿಂತಿದ್ದಳು. ಪಾದ್ರಿಗಳು ಪ್ರಾರ್ಥನೆ ಓದಿದರು. ‘ನಿನ್ನ ದಾಸಿ ರೋಸಿತ್ಸಾ’ ಎನ್ನುವಲ್ಲಿ ಮಾತ್ರ ಅವರ ಗಡ್ಡ ಒಮ್ಮೆ ಅಲುಗಿತು. ಅವರೂ ಕಂಬ ಓದಿಯೇ ಬಂದಿದ್ದರು. ಮುಗಿದಮೇಲೆ ಸ್ತಾಮೆನ್ ಎಲ್ಲರ ಅಂಗೈಗೂ ಗೋಧಿ ಹಾಕಿದ. "ದೇವರು ಅವಳನ್ನ ಕ್ಷಮಿಸಲಿ" ಎಂದು ಹೇಳಿ ಎಲ್ಲರೂ ತಿಂದರು.

ಲಿಲ್ಯಾನಾ ತಿಂದು ಮುಗಿಸಿ ಗಂಟಲು ಸರಿಮಾಡಿಕೊಂಡಳು. "ಇಲ್ಲಿ ಕೇಳಬಾರದು, ಆದ್ರೂ ಕೇಳ್ತೀನಿ ಸ್ತಾಮೆನ್ ಅವರೇ. ಆ ಸಿನಿಮಾದಲ್ಲಿ ತಾತ ನಿಜವಾಗ್ಲೂ ಸಾಯ್ತಾನಂತಲ್ಲ?"

"ಸಾಯ್ತಾನೆ. ಒಡ್ಡು ಒಡೆಯುತ್ತೆ. ಮೊಮ್ಮಕ್ಕಳು ದಡ ಸೇರೋ ತನಕ ಬೆನ್ನು ಕೊಟ್ಟು ನಿಲ್ತಾನೆ, ಆಮೇಲೆ..."

"ಆಟದಲ್ಲಿ ಅವನು ಸತ್ತಾಗೆಲ್ಲ ನಮ್ಮ ಮಕ್ಕಳು ಬಿದ್ದು ಬಿದ್ದು ನಗ್ತಾರೆ. ಇಲ್ಲಿ ಏಳ್ಲಿಲ್ಲ ಅಂದ್ರೆ ಅವರಿಗೆ ಏನು ಹೇಳೋದು? ತಾಯಂದಿರು ಕಳಿಸಲ್ಲ ಅಂತಿದ್ದಾರೆ. ಆ ತುಂಡು ಹಾರಿಸಿಬಿಡಿ, ನಾನು ಎಲ್ಲರನ್ನೂ ಕರ್ಕೊಂಡು ಬರ್ತೀನಿ."

"ಹಾರಿಸಿದ್ರೆ ತಾತ ಎಲ್ಲಿ ಹೋದ ಅಂತ ಕೇಳಲ್ವಾ?" ಎಂದಳು ಗಿಂಕಜ್ಜಿ.

"ಕೇಳಿದ್ರೆ... ಎಲ್ಲೋ ದೂರ ಹೋಗಿದ್ದಾನೆ ಅನ್ನೋದು."

"ಜರ್ಮನಿಗೆ ಹೋಗಿದ್ದಾನೆ ಅನ್ನು. ನಮ್ಮೂರ ಮಕ್ಕಳು ತಕ್ಷಣ ನಂಬ್ತವೆ. ಅವುಗಳ ಅಪ್ಪಂದಿರೆಲ್ಲ ಅಲ್ಲೇ ಇದ್ದಾರಲ್ಲ."

ಪಾದ್ರಿಗಳು ನಕ್ಕರು, ಮತ್ತೆ ಗಂಭೀರವಾದರು. "ನಮ್ಮಮ್ಮನ ಶವಪೆಟ್ಟಿಗೆ ಮುಂದೆ ನಿಂತು ನಾನೇ ಪ್ರಾರ್ಥನೆ ಓದ್ತಾ ಇದ್ದೆ. ಎಲ್ಲಿಂದಲೋ ಒಂದು ಕೋಳಿ ಬಂದು ಅವಳ ಕಾಲ ಹತ್ರ ಹಾಯಾಗಿ ಕೂತ್ಕೊಂಡ್ತು. ಬಿಕ್ಕಿ ಬಿಕ್ಕಿ ಅಳ್ತಿದ್ದ ನಮ್ಮಣ್ಣ, ‘ಅಮ್ಮಾ, ಇದನ್ನಾದ್ರೂ ನಮಗೆ ಬಿಟ್ಟು ಹೋಗೇ’ ಅಂದ. ಇಡೀ ಮನೆ ನಕ್ಕಿತು. ಅವತ್ತು ನನಗೆ ಅಮ್ಮ ಹೋದಳು ಅಂತ ಗೊತ್ತಾಗಿದ್ದು ಆ ನಗು ನಿಂತ ಮೇಲೆ. ಲಿಲ್ಯಾನಾ, ಸಾವನ್ನ ಹಾರಿಸಿ ನಗು ಮಾತ್ರ ಬಡಿಸಿದ್ರೆ ಮಕ್ಕಳ ಹೊಟ್ಟೆ ತುಂಬಲ್ಲಮ್ಮ."

"ನೀವು ಸ್ವರ್ಗದ ಭರವಸೆ ಕೊಡ್ತೀರಿ ಫಾದರ್, ನಿಮಗೇನು! ಮಲಗೋ ಹೊತ್ತಲ್ಲಿ ಅವು ಅತ್ರೆ ತಾಯಂದಿರು ಫೋನ್ ಮಾಡೋದು ನನಗೆ."

ಸ್ತಾಮೆನ್ ಗೋರಿಯ ಹಸಿ ಹುಲ್ಲು ನೋಡುತ್ತಾ ನಿಂತಿದ್ದ. ಶಿಶುವಿಹಾರ ಬಾರದಿದ್ದರೆ ಹಾಲ್ ತುಂಬುವುದಿಲ್ಲ. ಹಾಲ್ ತುಂಬದಿದ್ದರೆ ಟೈರು. "ಹಾರಿಸ್ತೀನಿ" ಎಂದ. "ಒಂದು ಗುಂಡಿ ಒತ್ತಿದ್ರೆ ಆಯ್ತು."

ಸಂಜೆ ನಾಲ್ಕೂವರೆಗೆ ಟಾಕೀಸಿನ ಬಾಗಿಲು ತೆರೆದ ಸ್ತಾಮೆನ್ ತಾನು ಹಾದಿ ತಪ್ಪಿ ಚರ್ಚಿಗೆ ಬಂದೆನೇ ಎಂದುಕೊಂಡ. ಮೆಟ್ಟಿಲ ತುಂಬ ಕಪ್ಪು ಕರವಸ್ತ್ರ ಕಟ್ಟಿದ ಮುದುಕಿಯರು. ಸತ್ತವರಿಗೆ ಒಯ್ಯುವಂತೆ ಜೋಡಿ ಜೋಡಿ ಹೂ ಹಿಡಿದಿದ್ದಾರೆ, ಕೆಲವರ ಕೈಯಲ್ಲಿ ಗೋಧಿಯ ಡಬ್ಬಿ. ಅವರ ಮಂಡಿಗಳ ನಡುವೆ ನುಸುಳಿಕೊಂಡು, ತಲೆಗೆ ಅಡುಗೆಮನೆಯ ಪಾತ್ರೆ ಹಾಕಿಕೊಂಡ ಶಿಶುವಿಹಾರದ ಮಕ್ಕಳು ಬುಳುಕ್, ಬುಳುಕ್ ಎಂದು ಕುಪ್ಪಳಿಸುತ್ತಿದ್ದಾರೆ. ಸುತ್ತಲ ಹಳ್ಳಿಗಳಿಂದಲೂ ಜನ. ರೋಸಿತ್ಸಾಳ ಕೈಯಿಂದ ಒಂದಲ್ಲ ಒಂದು ದಿನ ಟಿಕೆಟ್ ಪಡೆದವರೇ ಎಲ್ಲ.

"ಎಷ್ಟು ಹೊತ್ತಿನ ವೀಡಿಯೋ ಸ್ತಾಮೆನ್?" ಎಂದು ಒಬ್ಬಳು ಕಣ್ಣೊರೆಸಿಕೊಂಡಳು. "ನನ್ನ ಮದುವೇಲಿ ಕುಣಿದಿದ್ದಳಲ್ಲ, ಅದಿದೆಯಾ?"

"ಇದು ನೀರುನಾಯಿ ಸಿನಿಮಾ ಅಕ್ಕಾ. ಅಚ್ಚಿನಲ್ಲಿ ತಪ್ಪಾಗಿ..."

"ಇರ್ಲಿ ಇರ್ಲಿ, ಗಂಟಲು ಕಟ್ಟುತ್ತೆ, ಮಾತಾಡ್ಬೇಡ" ಎಂದು ಅವನ ಕೈಗೆ ಹೂ ಕೊಟ್ಟು ಒಳಗೆ ಹೋದಳು.

ವೇದಿಕೆ ಹತ್ತಿ ನಾಲ್ಕು ಮಾತು ಹೇಳಲು ನೋಡಿದ. "ಬಂಧುಗಳೇ, ಈ ದಿನ ನಾನು ತೋರಿಸುವುದು..." ಎಂದದ್ದೇ ತಡ, ಮುಂದಿನ ಸಾಲಿನಿಂದ ಅಳುವ ಸದ್ದು ಎದ್ದಿತು. ಮೇಯರ್ ಬೊರಿಮೀರ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಮಹಡಿಗೆ ಓಡಿಹೋಗುವುದೊಂದೇ ಉಳಿದ ದಾರಿ.

ದೀಪ ಆರಿತು. ಪರದೆಯ ಮೇಲೆ ನೀರುನಾಯಿ ಕಾಣಿಸಿದಾಗ ಹಿಂದಿನಿಂದ ಯಾರೋ, "ಕಂಬದ ಮೇಲಿದ್ದವನು ಇವನೇ!" ಎಂದರು. ಸ್ವಲ್ಪ ಹೊತ್ತು ಗುಸುಗುಸು. ಎದ್ದು ಹೋಗುತ್ತಾರೆ ಎಂದುಕೊಂಡ ಸ್ತಾಮೆನ್. ಯಾರೂ ಏಳಲಿಲ್ಲ. ಕೈಯಲ್ಲಿ ಹೂ ಹಿಡಿದವರು ಎದ್ದು ಹೋಗುವುದು ಸುಲಭವಲ್ಲ. ಬುಲ್ಬುಕ್ ತಾತ ಗೊಣಗುವುದನ್ನು, ಮೊಮ್ಮಕ್ಕಳ ಮೀನು ಕದ್ದು ತಿಂದು ಬೆಕ್ಕಿನ ಮೇಲೆ ಹಾಕುವುದನ್ನು ಕಂಡು ಮೊದಲು ಮಕ್ಕಳು ನಕ್ಕರು, ಆಮೇಲೆ ಮುದುಕಿಯರು. "ಥೇಟ್ ನಮ್ಮ ಯಜಮಾನರು!" ಎಂದು ಗಿಂಕಜ್ಜಿ ಕೂಗಿದ್ದು ಮಹಡಿಯವರೆಗೂ ಕೇಳಿಸಿತು.

ಒಡ್ಡು ಬಿರುಕು ಬಿಟ್ಟಿತು. ಸ್ತಾಮೆನ್ ಲ್ಯಾಪ್‌ಟಾಪಿನ ಗುಂಡಿಯ ಮೇಲೆ ಬೆರಳಿಟ್ಟ. ತಾತ ನೀರಿಗೆ ಬೆನ್ನು ಕೊಟ್ಟು ನಿಂತ. ಒಂದು ಮರಿ ದಡ ಹತ್ತಿತು, ಇನ್ನೊಂದು ಹತ್ತಿತು. ಈಗ ಒತ್ತಬೇಕು. ಲಿಲ್ಯಾನಾ ಕೆಳಗಿನಿಂದ ತಿರುಗಿ ಮಹಡಿಯ ಕಡೆ ನೋಡಿದಳು. ಅವನಿಗೆ ಅಚ್ಚಿನಂಗಡಿಯ ಮೇಜು ಕಣ್ಣಿಗೆ ಕಟ್ಟಿತು. ಅಲ್ಲಿ ಗಡಿಯಾರ ನೋಡಿದ್ದ, ನಾಯಿಯನ್ನು ನೋಡಿದ್ದ, ಬೂಟು ನೋಡಿದ್ದ. ಈಗಲೂ ಕಣ್ಣು ಬೇರೆ ಕಡೆಗೆ ಹಾಯಲು ಏನನ್ನಾದರೂ ಹುಡುಕುತ್ತಿತ್ತು. ಅವನು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಪರದೆ ನೋಡಿದ.

ಒಡ್ಡು ಹೋಯಿತು. ನೀರು ಶಾಂತವಾಯಿತು. ಮೇಲೆ ಪಾತ್ರೆ ಮಾತ್ರ ತೇಲುತ್ತಿತ್ತು.

"ಈಗ ಏಳ್ತಾನೆ ನೋಡು" ಎಂದಿತು ಒಂದು ಪುಟ್ಟ ದನಿ.

ಪಾತ್ರೆ ತೇಲುತ್ತಲೇ ಇತ್ತು.

"ಗುಂಡಿ ಒತ್ಬೇಕು. ಯಾರಾದ್ರೂ ಒತ್ರೀ!" ಎಂದಿತು ಅದೇ ದನಿ, ಈ ಸಲ ನಡುಗುತ್ತಾ.

ಪಕ್ಕದಲ್ಲಿ ಕೂತಿದ್ದ ಯಾರದೋ ಅಜ್ಜಿ ಆ ಮಗುವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. ಒಬ್ಬಳು ಬಿಕ್ಕಿದಳು, ಅವಳ ಹಿಂದೆ ಇನ್ನೊಬ್ಬಳು. ತಲೆಯ ಪಾತ್ರೆಗಳು ಒಂದೊಂದಾಗಿ ಕೆಳಗಿಳಿದವು. ಗಂಡ ಹೋದವರು, ಮಗ ದೂರವಾದವರು, ಎಲ್ಲರೂ ತಮ್ಮ ತಮ್ಮವರಿಗಾಗಿ ಒಂದು ನೀರುನಾಯಿಯ ನೆಪದಲ್ಲಿ ಅತ್ತರು. ಪರದೆಯ ಮೇಲೆ ಮರಿಗಳು ಮನೆಗೆ ಬಂದವು. ತಾತ ಒಲೆಯ ಮೇಲೆ ಇಟ್ಟುಹೋದ ಸಾರು ಉಕ್ಕಿ ಚೆಲ್ಲುತ್ತಿತ್ತು. ಸಣ್ಣ ಮರಿ ಅಳುತ್ತಳುತ್ತಲೇ ಒಂದು ಚಮಚ ಬಾಯಿಗಿಟ್ಟುಕೊಂಡು, ಮುಖ ಸಿಂಡರಿಸಿ, "ಇವತ್ತೂ ಉಪ್ಪು ಮರೆತಿದ್ದಾನೆ!" ಎಂದಿತು.

ಇಡೀ ಹಾಲ್ ನಕ್ಕಿತು. ಮೂಗು ಸೀಟುತ್ತಾ ನಕ್ಕಿತು. ಮಹಡಿಯ ಕತ್ತಲಲ್ಲಿ ಸ್ತಾಮೆನ್ ಕೂಡ ನಕ್ಕ. ಆ ನಗುವಿನಲ್ಲೇ ಬಾವಿಯ ತಳದಿಂದ ಕೊಡ ಬಿಡಿಸಿಕೊಂಡಿತು. ಅವನು ಪ್ರೊಜೆಕ್ಟರಿನ ಬಿಸಿ ಪೆಟ್ಟಿಗೆಗೆ ಹಣೆಯೂರಿ ಮಕ್ಕಳಂತೆ ಅತ್ತ.

ಚಿತ್ರ ಮುಗಿದಾಗ ಜನ ಹೂಗಳನ್ನು ಪರದೆಯ ಬುಡದಲ್ಲಿಟ್ಟು, ಮಕ್ಕಳಿಗೆ ಗೋಧಿ ಹಂಚಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಹೊರಟರು. ಲಿಲ್ಯಾನಾ ಕೆಂಪು ಕಣ್ಣಿನಲ್ಲಿ ಮೇಲೆ ನೋಡಿ, "ನಾಳೆ ಫೋನ್ ನಿಮಗೇ ಮಾಡಿ ಅಂತೀನಿ" ಎಂದಳು, ಕೋಪವಿರಲಿಲ್ಲ.

ಮೇಯರ್ ಬೊರಿಮೀರ್ ಎರಡೂ ಕೈಯಲ್ಲಿ ಸ್ತಾಮೆನ್‌ನ ಕೈ ಹಿಡಿದ. ಅವನ ಮೂಗು ಟೊಮೇಟೊ ಆಗಿತ್ತು. "ಸ್ತಾಮೆನ್, ನನ್ನ ಅಪ್ಪ ಹೋದಾಗ್ಲೂ ನಾನು ಇಷ್ಟು ಅತ್ತಿರಲಿಲ್ಲ. ಟೈರಿನ ಮಾತು ಮರೆತುಬಿಡು. ಈ ಹಾಲ್ ಮುಚ್ಚಲ್ಲ. ಕೀಲಿಕೈ ನಿನ್ನ ಹತ್ರಾನೇ ಇರುತ್ತೆ, ನೀನು ಬದುಕಿರೋ ತನಕ."

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಮೇಯರ್ ಸಾಹೇಬ್ರೇ" ಎಂದ ಸ್ತಾಮೆನ್. ಎದೆ ಹಗುರಾಗಿತ್ತು. "ಮುಂದಿನ ವಾರಕ್ಕೆ ಇನ್ನೊಂದು ಚಿತ್ರ ನೋಡಿಟ್ಟಿದ್ದೀನಿ. ಅಳಿಲಿನದು, ಬರೀ ನಗು."

"ಚಿತ್ರ?" ಮೇಯರ್ ಕಣ್ಣರಳಿಸಿದ. "ಚಿತ್ರ ಯಾಕಪ್ಪಾ? ಊರಿಗೊಂದು ಶೋಕಭವನ ಬೇಕು ಅಂತ ಎಷ್ಟು ಕಾಲದಿಂದ ಅರ್ಜಿ ಬರ್ತಾ ಇದೆ. ಚಳಿಗಾಲದಲ್ಲಿ ಹೆಣ ಇಟ್ಕೊಂಡು ಜನ ಸ್ಮಶಾನದ ಬಯಲಲ್ಲಿ ನಡುಗ್ತಾರೆ. ಎಲ್ಲಿ ಕಟ್ಟೋದು ಅಂತ ತಲೆ ಕೆಡಿಸ್ಕೊಂಡಿದ್ದೆ. ಇವತ್ತು ಕಣ್ಣಾರೆ ಕಂಡೆನಲ್ಲ! ಈ ಗೋಡೆಗಳಿಗೆ ಅಳಿಸೋ ಗುಣ ಇದೆ. ಪೆಟ್ಟಿಗೆ ಪರದೆಯ ಜಾಗದಲ್ಲಿ, ಬಂಧುಗಳು ಮುಂದಿನ ಸಾಲಲ್ಲಿ. ಕುರ್ಚಿ ಹೇಗೂ ಕಪ್ಪು. ನೀನೇ ಅದಕ್ಕೆ ಮೇಲ್ವಿಚಾರಕ."

ಗಿಂಕಜ್ಜಿ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಒಳ್ಳೇದಾಯ್ತು. ನನ್ನನ್ನ ಬಾಗಿಲ ಹತ್ರ ಇಡ್ಬೇಡ ಸ್ತಾಮೆನ್, ಗಾಳಿ ಬರುತ್ತೆ" ಎಂದು ಹೇಳಿ ಹೊರಟಳು.

ಹಾಲ್ ಮುಚ್ಚಬಾರದೆಂದು ಸ್ತಾಮೆನ್ ಆರು ತಿಂಗಳಿಂದ ದೇವರನ್ನು ಬೇಡಿಕೊಂಡಿದ್ದ. ದೇವರು ಅಷ್ಟನ್ನೂ ಕೊಟ್ಟಿದ್ದ, ಒಂದು ಅಕ್ಷರ ಕಡಿಮೆಯಿಲ್ಲದೆ.

"ಮಂಗಳವಾರ ಉದ್ಘಾಟನೆ ಇಟ್ಕೊಳ್ಳೋಣ" ಎಂದ ಮೇಯರ್.

"ಮಂಗಳವಾರವಾ? ಯಾರು ಹೋದ್ರು?"

"ಇನ್ನೂ ಯಾರೂ ಇಲ್ಲ" ಎಂದು ಮೇಯರ್ ಟೋಪಿ ತಲೆಗೇರಿಸಿಕೊಂಡ. "ಆದ್ರೆ ನಮ್ಮೂರಿನ ಮೇಲೆ ನಂಗೆ ನಂಬಿಕೆ ಇದೆ."